ಕಮರಿಯ ನೀರಿಗೆ ಬಿಟ್ಟ ಕ್ಯಾಮೆರಾ

ಕರಿಜಿನಿ ರಾಷ್ಟ್ರೀಯ ಉದ್ಯಾನ,
ಬುಧವಾರ

ಪ್ರೀತಿಯ ಅಮ್ಮಾ,

ಎಡಗೈಯಲ್ಲಿ ಬರೀತಿದೀನಿ, ಅಕ್ಷರ ಸೊಟ್ಟಗಿದ್ರೆ ಗಾಬರಿಯಾಗಬೇಡ. ಸೋಮವಾರ ಕಮರಿಯೊಳಗೆ ಇಳಿದು ಫೋಟೊ ತೆಗೀತಿದ್ದೆ. ಎಲ್ಲೋ ಸುರಿದ ಮಳೆಯ ನೀರು ಒಮ್ಮೆಲೇ ನುಗ್ಗಿತು. ಬಂಡೆಗೆ ಬಡಿದು ಬಲಗೈ ಮುರೀತು. ಉದ್ಯಾನದ ರೇಂಜರ್ ಕೊಲೀನ್ ಮೇಲಿಂದ ಹಗ್ಗ ಎಸೆದು, "ಏ ಹುಚ್ಚಿ, ಕ್ಯಾಮೆರಾ ಬಿಟ್ಟು ಹಗ್ಗ ಹಿಡ್ಕೊಳ್ಳೇ!" ಅಂತ ಕಿರುಚಿದಳು. ಬಿಟ್ಟೆ.

ಮನೆಗೆ ಹೋಗಿ ಮಲಗು ಅಂತಾರೆ ಡಾಕ್ಟರು. ಹೇಗೆ ಮಲಗಲಿ? ಬೆಳಗಾದ್ರೆ ಆ ಕೆಂಪು ಬಂಡೆಗಳ ಮೇಲೆ ಬಿಸಿಲು ಇಳಿಯುತ್ತೆ, ನಾನು ಸುಮ್ಮನೆ ಡೇರೆ ಸುತ್ತ ತಿರುಗ್ತಿರ್ತೀನಿ.

ಅಪ್ಪನ ಹಳೇ ಕ್ಯಾಮೆರಾ ಕಳಿಸು. ನಾನು ಕುರಿ ಫಾರ್ಮು ಬಿಟ್ಟು ಬಂದಾಗಿನಿಂದ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಗೊತ್ತು. ಕೇಳದೇ ಕಳಿಸಿಬಿಡು.

ಬೇಡ, ಅಪ್ಪನನ್ನ ಕೇಳಿಬಿಡು. ಒಂಟಿ ಕೈಯಲ್ಲಿ ನನಗೆ ಫೋಟೊ ತೆಗೆಯೋಕಾಗಲ್ಲ. ಅಪ್ಪನೇ ತಂದು, ನನ್ನ ಜೊತೆ ನಿಂತು ತೆಗೆದುಕೊಡಲಿ.

ನಿನ್ನ
ಬ್ರಯೋನಿ