ಮುಡಿವು ಅಂದರೆ ಯಾವುದು?

ವೆಸ್ಟ್ ಮಾಂಬಲಂ
ಶನಿವಾರ ಬೆಳಿಗ್ಗೆ

ಕೋಮಲಾ,

ನಮ್ಮ ಜಗಳ ಹಾಗೇ ಇರಲಿ. ಇದು ನಿನ್ನ ಮಗಳು ವರ್ಷಿಣಿಯ ವಿಷಯ. ಫೋನಿನಲ್ಲಿ ಹೇಳಿದರೆ ಪಕ್ಕದ ಕೋಣೆಯಲ್ಲಿರುವ ಅವಳಿಗೆ ಕೇಳಿಸುತ್ತದೆ.

ನೀನು ತವರಿಗೆ ಹೋದಾಗಿನಿಂದ ಅವಳು ಕಂಪ್ಯೂಟರಿನಲ್ಲಿ ಒಂದೇ ಭಯಾನಕ ಆಟ ಆಡುತ್ತಿದ್ದಾಳೆ. ಅದಕ್ಕೆ ಮೂರು ಕೊನೆಗಳಂತೆ. ಒಂದರಲ್ಲಿ ತಾಯಿ ಬಂದು ಹುಡುಗಿಯನ್ನು ಕರೆದೊಯ್ಯುತ್ತಾಳೆ. ಇನ್ನೊಂದರಲ್ಲಿ ಹುಡುಗಿ ಆ ಮನೆಯಲ್ಲೇ ಉಳಿಯುತ್ತಾಳೆ. ಮೂರನೆಯದರಲ್ಲಿ ತಾರಸಿಯಿಂದ ಹಾರುತ್ತಾಳೆ. ಯಾವುದು ನಿಜ ಎಂದು ಕೇಳಿದೆ.

"ಮೂರನೇದೇ ದಾನ್, ಅಜ್ಜಿ. ಅಮ್ಮ ಬರೋದೆಲ್ಲ ಅವಳ ಕನಸು."

ಇವತ್ತು ಗೆಳತಿಗೆ ಫೋನಿನಲ್ಲಿ, "ಎನ್ ಮುಡಿವೂ ಅದುದಾನ್" ಎಂದಳು. ನನ್ನ ಮುಡಿವೂ ಅದೇ ಎಂದು. ಈ ತಮಿಳಿನಲ್ಲಿ ಕೊನೆಗೂ ತೀರ್ಮಾನಕ್ಕೂ ಮುಡಿವು ಎಂಬ ಒಂದೇ ಮಾತು. ಅವಳು ಆಟದ ಬಗ್ಗೆ ತನ್ನ ಅಭಿಪ್ರಾಯವನ್ನಷ್ಟೇ ಹೇಳಿರಬಹುದು. ಕೇಳಲು ನನಗೆ ಬಾಯಿ ಬರಲಿಲ್ಲ.

ತಾರಸಿಗೆ ಬೀಗ ಹಾಕಿ, ಅವಳ ಕೋಣೆಯ ಬಾಗಿಲ ಬಳಿಯೇ ಕುಳಿತು ಬರೆಯುತ್ತಿದ್ದೇನೆ. ಅವಸರದ ಅಕ್ಷರ ನೋಡಿ ನಗಬೇಡ. ಈ ಕಾಗದ ತಂದ ಆಟೊದಲ್ಲೇ ಮಾಧವರಂನಿಂದ ಹೊರಡು. ಬಂದವಳು ನನ್ನನ್ನು ಮಾತಾಡಿಸದಿದ್ದರೂ ಸರಿ, ನೇರವಾಗಿ ಅವಳ ಹತ್ತಿರ ಹೋಗು.

ಬೇಗ ಬಾ, ತಾಯಿ.

ನಿನ್ನ ಅತ್ತೆ,
ಸರ್ವಮಂಗಳಾ