ಅಜ್ಜಿಯ ಅಂದಾಜು

ಅಮ್ಮಾ,

ನೀನು ಹೇಳಿದಂತೆ, ತೀರಿಕೊಂಡ ಅಜ್ಜಿಯ ಮನೆ ಖಾಲಿ ಮಾಡಿದೆ. ಅವಳ ದಿನಚರಿಗಳನ್ನು ಮಾತ್ರ ರದ್ದಿಗೆ ಹಾಕಲಿಲ್ಲ, ಓದಿದೆ.

ನನ್ನ ಪ್ರತಿ ಹುಟ್ಟುಹಬ್ಬದ ಪುಟದಲ್ಲೂ ನನ್ನ ಅಳತೆ ಬರೆದು, ಪಕ್ಕದಲ್ಲಿ ‘ಅಂದಾಜು’ ಎಂದಿದ್ದಾಳೆ. ಕೆಳಗೆ, ‘ಫ್ರಾಕು ಹೊಲಿದು ಮಗಳ ಕೈಲಿ ಕೊಟ್ಟೆ. ಮಗೂನ ಈ ಸಲಾನೂ ಕರ್ಕೊಂಡು ಬರಲಿಲ್ಲ.’

“ಅಜ್ಜಿಗೆ ನಿನ್ನ ಮುಖ ನೋಡೋಕೂ ಇಷ್ಟ ಇಲ್ಲ ಕಣೇ” ಅಂತಿದ್ದೆ ನೀನು. ಫ್ರಾಕು ಅಂಗಡಿಯದೆಂದು ನನ್ನನ್ನು ನಂಬಿಸಿದೆ. ತೋಳು ಉದ್ದವಾಯಿತೆಂದು ನಾನು ಅತ್ತರೆ, “ಅಂಗಡಿಯವರಿಗೆ ನಿನ್ನ ಅಳತೆ ಹೇಗೆ ಗೊತ್ತಾಗ್ಬೇಕು?” ಎಂದು ನಗುತ್ತಿದ್ದೆ.

ಆ ಫ್ರಾಕುಗಳಲ್ಲಿ ಒಂದಾದರೂ ಉಳಿದಿದ್ದರೆ ಅಂಚೆಯಲ್ಲಿ ಕಳಿಸು. ನೀನು ಬರಬೇಡ.

ಈ ವರ್ಷದ ಪುಟದಲ್ಲೂ ನನ್ನ ಅಳತೆಯಿದೆ. ಟೇಪು ಹಿಡಿದು ನೋಡಿದೆ. ತೋಳು ಮಾತ್ರ ಒಂದಿಂಚು ಹೆಚ್ಚು ಬರೆದಿದ್ದಾಳೆ.

ಇಂತಿ,
ಅವಳ ಮೊಮ್ಮಗಳು