ಅಳಿಸಿದ ಸಾಲಿನ ಐದು

ಸೋಮವಾರ, ಫೆಬ್ರವರಿ 10

ಮತ್ತೆ ಅದೇ. ಕಂಪ್ಯೂಟರಿನಲ್ಲಿ ಬೀಜಗಣಿತದ ನೋಟ್‌ಬುಕ್ ಫೈಲ್ ತೆರೆದು ಮೇಲಿಂದ ಕೆಳಗೆ ತಡಕುವುದು. n ಅಂದರೆ ಏಳು ಎಂದು ಎಂದೋ ಮೇಲೆ ಬರೆದದ್ದನ್ನು ಕಂಪ್ಯೂಟರ್ ನುಂಗಿಕೊಂಡು ಸುಮ್ಮನಾಗಿದೆ. ಒಳಗೆ ಏನಿದೆ ಎಂದು ತೋರಿಸುವುದಿಲ್ಲ.

ಎದುರು ಮೇಜಿನ ಬುರ್ಕ್‌ಹಾರ್ಟ್ ನಕ್ಕ. "ಕೊಟ್ಟ ಬೆಲೆ ತಾನಾಗೇ ತೋರ್ಸೋ ಸೆಟ್ಟಿಂಗ್ ಇದೆ, ಹೆನ್ರಿಕೆ. ಒಂದು ವರ್ಷ ಕಣ್ಣು ಕಟ್ಕೊಂಡು ನಡೆದ್ಯಾ?"

"ನಂಗೆ ಮೌನ ಇಷ್ಟ. ಕವಿತೆ ಓದೋಳು."

"ಕವಿತೆಗೆ ಇಲ್ಲಿ ಯಾರೂ ಡಿಗ್ರಿ ಕೊಡಲ್ಲ."

n ಏಳಾದಾಗಲೂ ನನ್ನ ಸೂತ್ರ ಸರಿ ಎಂದು ಸಾಧಿಸುವ ಪ್ರಬಂಧವನ್ನು ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಒಪ್ಪಿಸಬೇಕು. ಗಡುವನ್ನು ಒಮ್ಮೆ ಮುಂದೂಡಿಸಿಕೊಂಡಾಗಿದೆ. ನಲವತ್ತೆಂಟು ವಯಸ್ಸು. ಮೂರನೇ ಅವಕಾಶ ಇಲ್ಲ.

ಮಂಗಳವಾರ, 11, ರಾತ್ರಿ 10

ಸೆಟ್ಟಿಂಗ್ ಹಾಕಿದೆ. ಹದಿನೇಳನೇ ಸಾಲು ಓಡಿಸಿದೆ: m = n − 1. ಕೆಳಗೆ ಬಂದದ್ದು 4.

ಆರು ಬರಬೇಕು.

ಸಾಲುಗಳನ್ನು ಮೇಲಿಂದ ಮತ್ತೆ ಓದಿದೆ. ಆಮೇಲೆ ನೆನಪಾಯಿತು. ನವೆಂಬರ್‌ನಲ್ಲಿ ಪರೀಕ್ಷೆಗೆಂದು n = 5 ಎಂದು ಬರೆದು, ಆ ಸಾಲನ್ನು ಅಳಿಸಿದ್ದೆ. ಪರದೆಯಿಂದ ಹೋಯಿತು. ಯಂತ್ರದ ನೆನಪಿನಿಂದ ಹೋಗಲಿಲ್ಲ; ಮೇಲಿನ n = 7 ಸಾಲನ್ನು ನಾನು ಆಮೇಲೆ ಮತ್ತೆ ಓಡಿಸಲೂ ಇಲ್ಲ. ವಿಭಾಗದ ದೊಡ್ಡ ಯಂತ್ರವನ್ನು ನಾವು ಯಾರೂ ಆರಿಸುವುದಿಲ್ಲ. ಮೊದಲಿಂದ ಓಡಿಸಿದರೆ ಎರಡೂವರೆ ದಿನ ಹಿಡಿಯುತ್ತದೆ.

ಏಳಕ್ಕೆ ಸಾಧಿಸಿದೆ ಎಂದುಕೊಂಡದ್ದೆಲ್ಲ ಐದಕ್ಕೆ.

"ಯಾರ್ ಓಡಿಸಿ ನೋಡ್ತಾರೆ?" ಬುರ್ಕ್‌ಹಾರ್ಟ್ ದನಿ ತಗ್ಗಿಸಿದ. "ಐದಕ್ಕೆ ನಿಂತಿದ್ದು ಏಳಕ್ಕೂ ನಿಲ್ಲುತ್ತೆ. ಕೊಟ್ಬಿಡು."

ನನ್ನ ಮಾರ್ಗದರ್ಶಕ ಪ್ರೊಫೆಸರ್ ಟೀಲೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರೆಂದರು, "ಇದು ನಿಮ್ಮ ಪ್ರಬಂಧ, ಶ್ರೀಮತಿ ಲಿಂಡೌ. ಏನ್ ಕಾಣುತ್ತೋ ಅದನ್ನ ಬರೀರಿ."

ಯಂತ್ರ ಆರಿಸಿ, ಮತ್ತೆ ಹಚ್ಚಿ, n = 7 ಸಾಲಿನಿಂದ ಶುರು ಮಾಡಿದೆ. ಕೊನೆಯಲ್ಲಿ ಶೇಷ r ಸೊನ್ನೆ ಬಂದರೆ ಏಳಕ್ಕೂ ಸರಿ.

ಶುಕ್ರವಾರ, 14, ಬೆಳಿಗ್ಗೆ 10.20

ಪರದೆಯ ಮೇಲ್ತುದಿಯಲ್ಲಿ n = 7, m = 6. ಒಂದೊಂದೇ ಸಾಲಿನ ಕೆಳಗೆ ಒಂದೊಂದು ಬೆಲೆ, ಯಾರೋ ಮೆಲ್ಲಗೆ ಉತ್ತರ ಕೊಟ್ಟಂತೆ. ಬುರ್ಕ್‌ಹಾರ್ಟ್ ಕಾಫಿ ತಂದಿಟ್ಟು ನನ್ನ ಹಿಂದೆ ನಿಂತಿದ್ದಾನೆ. ತಮಾಷೆ ಇಲ್ಲ.

10.45

r = 48x.

ಸೊನ್ನೆ ಅಲ್ಲ.

"ಹಳೇ ಫೈಲ್ ಇನ್ನೂ ಇದೆ," ಅಂದ.

"ಗೊತ್ತು."

11.05

ಕೊನೆಯ ಅಧ್ಯಾಯ ತೆಗೆದುಹಾಕಿದೆ. ಅದರ ಜಾಗದಲ್ಲಿ ಒಂದು ಪುಟ: ಏಳಕ್ಕೆ ಏಕೆ ನಿಲ್ಲುವುದಿಲ್ಲ. ಬೈಂಡಿಂಗ್ ಅಂಗಡಿಯವಳು ಫೋನ್ ಮಾಡಿದಳು, ರಟ್ಟಿನ ಮೇಲಿನ ಶೀರ್ಷಿಕೆಯಲ್ಲಿ n = 7 ಎಂದೇ ಅಚ್ಚು ಹಾಕಲೇ ಎಂದು. ಏಳು ಬೇಡ ಎಂದೆ. ಹಾಗಾದರೆ ಎಷ್ಟು ಎಂದಳು. ಎದ್ದು ನಿಂತು, ಬುರ್ಕ್‌ಹಾರ್ಟ್‌ಗೂ ಕೇಳಿಸುವಂತೆ ಹೇಳಿದೆ: "ಐದು."